ಸವೆದ ಹುಲ್ಲುಗಾವಲಿನಲ್ಲಿ ಚೌಬೀನೆ ಮರ ಬೆಳೆಸಿ ಕಾರ್ಬನ್ ಕ್ರೆಡಿಟ್ ಪಡೆಯಬೇಕೆಂದರೆ

ಹುಲ್ಲಿನಿಂದ ಶುರು ಮಾಡೋಣ. ವರ್ಷಗಟ್ಟಲೆ ದನ ಮೇಯ್ದು ಸವೆದ ಜಮೀನಿನಲ್ಲಿ ಸಸಿ ನೆಟ್ಟು ಸೋತವರನ್ನು ಕೇಳಿ ನೋಡಿ. ಮಳೆ ಕೈಕೊಟ್ಟಿತು, ಮಣ್ಣು ಸರಿ ಇರಲಿಲ್ಲ, ನರ್ಸರಿಯವರು ಕೆಟ್ಟ ಸಸಿ ಕೊಟ್ಟರು ಅಂತ ಹತ್ತು ಕಾರಣ ಹೇಳುತ್ತಾರೆ. ಒಣಗಿದ ಸಸಿಯ ಬುಡ ಬಗೆದು ನೋಡಿದರೆ ಮಾತ್ರ ಬಹಳ ಸಲ ಕಾಣುವುದು ಹುಲ್ಲಿನ ಬೇರಿನ ಬಲೆ. ಸಸಿಗೆ ಸಿಗಬೇಕಿದ್ದ ನೀರನ್ನು ಅದು ಮೊದಲೇ ಕುಡಿದಿರುತ್ತದೆ.

ಮರ ಗಾಳಿಯಿಂದ ಹೀರಿದ ಇಂಗಾಲವನ್ನು ಲೆಕ್ಕ ಹಾಕಿ ಕ್ರೆಡಿಟ್ ಆಗಿ ಮಾರುವುದಕ್ಕೆ ಮಾಡಿಕೊಳ್ಳುವ ಕಾರ್ಬನ್ ಒಪ್ಪಂದ ಹಲವು ದಶಕಗಳದ್ದು. ಕ್ರೆಡಿಟ್‌ಗೆ ಮಾನದಂಡ ರೂಪಿಸುವ ವೆರಾ ಸಂಸ್ಥೆಯ ವಿಸಿಎಸ್ ಅನ್ನುವ ನಿಯಮದಲ್ಲಿ ಕಾಡು ಬೆಳೆಸುವ ಯೋಜನೆಗಳಿಗೆ ಈಗ ಕನಿಷ್ಠ 40 ವರ್ಷದ ಅವಧಿ ಇದೆ. ಆ 40 ವರ್ಷ ಹೇಗಿರುತ್ತದೆ ಅನ್ನುವುದು ಮೊದಲ ಮೂರು ವರ್ಷದಲ್ಲೇ ಗೊತ್ತಾಗಿಬಿಡುತ್ತದೆ. ಹಾಗಾಗಿ ನಿಮ್ಮ ಹಣ, ಆಳು, ನಿದ್ದೆಗೆಟ್ಟು ಯೋಚಿಸುವ ಶಕ್ತಿ ಎಲ್ಲವನ್ನೂ ಆ ಮೂರು ವರ್ಷಕ್ಕೆ ಇಡಿ. ಕ್ರೆಡಿಟ್ ಮಾರುವ ಮಾತು ಆಮೇಲೆ.

ಮೊದಲು ಜಮೀನು ನೋಡಿ, ಸುಮ್ನೆ ಗುಂಡಿ ತೋಡಬೇಡಿ

ಖಾಲಿ ಕಾಣುವ ಹುಲ್ಲು ಜಾಗವೆಲ್ಲ ಹಾಳಾದ ಜಾಗ ಅಲ್ಲ. ಸಾವಿರಾರು ವರ್ಷದಿಂದ ಹುಲ್ಲುಗಾವಲಾಗಿಯೇ ಇರುವ ನೆಲ ಪ್ರಪಂಚದ ಎಲ್ಲ ಕಡೆ ಇದೆ. ಅಲ್ಲಿ ಬದುಕುವ ಹಕ್ಕಿ, ಹುಳ, ಗಡ್ಡೆ ಗಿಡಗಳಿಗೆ ಬಿಸಿಲೇ ಬೇಕು. ಅಂಥ ಕಡೆ ಮರ ನೆಟ್ಟರೆ ಒಂದು ಜೀವಲೋಕವನ್ನೇ ಮುಚ್ಚಿದ ಹಾಗೆ. ಇದರಲ್ಲಿ ರಾಜಿ ಬೇಡ. ಹಿಂದೆ ಕಾಡಿದ್ದು, ಕಡಿದು ಮೇವಿನ ಜಾಗ ಮಾಡಿ, ಈಗ ಮೇವೂ ಸರಿಯಾಗಿ ಬೆಳೆಯದ ಜಮೀನು ನಮಗೆ ಬೇಕಾಗಿರುವುದು. ಹಳೆಯ ಮರದ ಬುಡಗಳು, ಬೇಲಿ ಸಾಲಿನಲ್ಲಿ ಉಳಿದ ಕಾಡು ಜಾತಿಗಳು, ಹಳೆಯ ಉಪಗ್ರಹ ಚಿತ್ರಗಳು, ಊರಿನ ಹಿರಿಯರ ನೆನಪು, ಇವೆಲ್ಲ ಸೇರಿ ಉತ್ತರ ಹೇಳುತ್ತವೆ. ಜೌಗು ನೆಲ, ಕೊಳೆತ ಎಲೆಬೇರು ಕೂಡಿ ಆದ ಕಪ್ಪು ಪೀಟ್ ಮಣ್ಣು ಇದ್ದರೆ ಅದನ್ನೂ ಬಿಡಿ. ಅದನ್ನು ಬಸಿದು ಮರ ಬೆಳೆಸಿದರೆ ಮಣ್ಣಿನಿಂದ ಹೊರಹೋಗುವ ಇಂಗಾಲವೇ ಜಾಸ್ತಿ ಆಗಬಹುದು.

ಇನ್ನೊಂದು ಕಟ್ಟುನಿಟ್ಟಿನ ನಿಯಮ ಇದೆ. ಯೋಜನೆ ಶುರುವಾಗುವ ಹಿಂದಿನ 10 ವರ್ಷದಲ್ಲಿ ಆ ಜಾಗದ ಸಹಜ ಕಾಡನ್ನೋ ಸಹಜ ಹುಲ್ಲುಗಾವಲನ್ನೋ ತೆಗೆದಿದ್ದರೆ ವಿಸಿಎಸ್ ಕ್ರೆಡಿಟ್ ಕೊಡುವುದಿಲ್ಲ. ಕ್ರೆಡಿಟ್ ಆಸೆಗೆ ಯಾರೂ ಕಾಡು ಕಡಿಯಬಾರದು ಅಂತ ಮಾಡಿದ ನಿಯಮ, ಸರಿಯಾಗಿಯೇ ಇದೆ. ನಿಮ್ಮ ಜಮೀನು 10 ವರ್ಷದಿಂದ ಹುಲ್ಲುಗಾವಲೇ ಆಗಿತ್ತು ಅನ್ನುವ ಚಿತ್ರಗಳನ್ನು ಈಗಲೇ ತೆಗೆದಿಡಿ.

ಆಮೇಲೆ ಮಣ್ಣು. ದಿಣ್ಣೆಯ ಮೇಲೆ ಒಂದು, ಇಳಿಜಾರಿನ ನಡುವೆ ಒಂದು, ತಗ್ಗಿನಲ್ಲಿ ಒಂದು, ಹೀಗೆ ಕನಿಷ್ಠ ಮೂರು ಕಡೆ ಒಂದು ಮೀಟರ್ ಆಳದ ಗುಂಡಿ ತೋಡಿ, ಒಳಗಿಳಿದು ಗೋಡೆ ನೋಡಿ. ಹುಲ್ಲಿನ ಬೇರು ಎಲ್ಲಿ ನಿಂತಿದೆ? ದನದ ಗೊರಸಿನ ತುಳಿತಕ್ಕೆ ಮೇಲಿನ 10–20 ಸೆಂಟಿಮೀಟರ್ ಮಣ್ಣು ಒತ್ತಿ ಗಟ್ಟಿಯಾಗಿರುತ್ತದೆ. ಚಾಕು ಚುಚ್ಚಿದರೆ ಕೈಗೆ ಗೊತ್ತಾಗುತ್ತದೆ. ಗುಂಡಿಗೆ ನೀರು ತುಂಬಿಸಿ ಮರುದಿನ ಬನ್ನಿ. ನೀರು ಹಾಗೇ ನಿಂತಿದ್ದರೆ ತೇಗದಂಥ ಮರವನ್ನು ಅಲ್ಲಿ ಮರೆತುಬಿಡಿ. ಮಣ್ಣನ್ನು ಲ್ಯಾಬಿಗೆ ಕೊಟ್ಟು ಪಿಎಚ್, ಅಂದರೆ ಮಣ್ಣಿನ ಹುಳಿ ಎಷ್ಟು ಅಂತ ನೋಡಿಸಿ. 5.5ಕ್ಕಿಂತ ಕೆಳಗಿದ್ದರೆ ಅಲ್ಯೂಮಿನಿಯಂ ಕರಗಿ ಬೇರಿಗೆ ವಿಷವಾಗುವ ಸಾಧ್ಯತೆ ಇದೆ. ರಂಜಕ ಕೂಡ ಗಿಡಕ್ಕೆ ಸಿಗದ ಹಾಗೆ ಕಟ್ಟಿಹಾಕಿಕೊಳ್ಳುತ್ತದೆ.

ಜಮೀನಿನಲ್ಲಿ ಒಂದು ಸುತ್ತು ನಡೆದು, ಹುಲ್ಲಿನ ನಡುವೆ ತಾನಾಗಿ ಹುಟ್ಟಿದ ಮರದ ಸಸಿಗಳು ಇವೆಯಾ ಅಂತ ನೋಡಿ. ಮೊಣಕಾಲೆತ್ತರದ್ದು, ದನ ಕಚ್ಚಿ ಕಚ್ಚಿ ಕುಬ್ಜವಾದದ್ದು, ಹಳೆಯ ಬುಡದಿಂದ ಚಿಗುರಿದ್ದು, ಎಲ್ಲಕ್ಕೂ ಒಂದೊಂದು ಕೋಲು ನೆಟ್ಟು ಗುರುತು ಮಾಡಿ. ಅವುಗಳ ಬೇರು ಆಗಲೇ ಆಳಕ್ಕೆ ಇಳಿದಿರುತ್ತದೆ. ನರ್ಸರಿಯ ಸಸಿಗಿಂತ ಅವು ಎಷ್ಟೋ ಮುಂದೆ. ಫಿಲಿಪ್ಪೀನ್ಸ್‌ನಲ್ಲಿ ಇಂಪೆರಾಟಾ ಹುಲ್ಲು ಹಬ್ಬಿದ ಗುಡ್ಡಗಳಲ್ಲಿ ಇದನ್ನೇ ಮಾಡುತ್ತಾರೆ. ಹುಲ್ಲನ್ನು ಕತ್ತರಿಸದೆ, ಒಂದು ಹಲಗೆಯಿಂದ ತುಳಿದು ನೆಲಕ್ಕೆ ಮಲಗಿಸುತ್ತಾರೆ. ಮಲಗಿದ ಹುಲ್ಲು ಮತ್ತೆ ಏಳಲು ತಡವಾಗುತ್ತದೆ, ಅಷ್ಟರಲ್ಲಿ ಸಸಿ ತಲೆ ಎತ್ತುತ್ತದೆ. ಇಂಥ ಸಸಿಗಳು ದಟ್ಟವಾಗಿರುವ ಕಡೆ ನೆಡುವ ಖರ್ಚೇ ಬೇಡ, ಕಾಪಾಡಿದರೆ ಸಾಕು.

ಕ್ರೆಡಿಟ್ ಲೆಕ್ಕ, ಸ್ವಲ್ಪ ತಾಳ್ಮೆಯಿಂದ ಓದಿ

ಒಂದು ಕ್ರೆಡಿಟ್ ಅಂದರೆ ಗಾಳಿಯಿಂದ ತೆಗೆದ ಒಂದು ಟನ್ ಕಾರ್ಬನ್ ಡೈಆಕ್ಸೈಡ್. ನಿಮ್ಮ ಮರ ಎಷ್ಟು ತೆಗೆಯುತ್ತದೆ ಅನ್ನುವುದನ್ನು ನೀವೇ ಒಂದು ಹಾಳೆಯ ಮೇಲೆ ಹಾಕಿ ನೋಡಬಹುದು. ಹೆಕ್ಟೇರಿಗೆ ವರ್ಷಕ್ಕೆ 10 ಘನ ಮೀಟರ್ ಕಾಂಡ ಬೆಳೆಯುತ್ತದೆ ಅಂತ ಇಟ್ಟುಕೊಳ್ಳಿ. ಘನ ಮೀಟರಿಗೆ ಅರ್ಧ ಟನ್ ಒಣ ತೂಕ ಅಂದರೆ 5 ಟನ್. ಕೊಂಬೆ, ಎಲೆಗೆ ಅಂತ 1.4ರಿಂದ ಗುಣಿಸಿದರೆ 7 ಟನ್. ಬೇರಿಗೆ ಅದರ ಕಾಲು ಭಾಗ ಸೇರಿಸಿ, 8.75 ಟನ್. ಒಣ ಮರದಲ್ಲಿ ಇಂಗಾಲ ಸುಮಾರು ಶೇ 47, ಅಂದರೆ 4.1 ಟನ್. ಇಂಗಾಲವನ್ನು ಕಾರ್ಬನ್ ಡೈಆಕ್ಸೈಡ್ ಲೆಕ್ಕಕ್ಕೆ ತರಲು 44/12, ಅಂದರೆ 3.67ರಿಂದ ಗುಣಿಸಬೇಕು. ಕೊನೆಗೆ ಬರುವುದು ಸುಮಾರು 15 ಟನ್.

ಇದು ಪೂರ್ತಿ ನಿಮ್ಮ ಕೈಗೆ ಬರುವುದಿಲ್ಲ. ಯೋಜನೆ ಇಲ್ಲದಿದ್ದರೂ ಅಲ್ಲಿ ಬೆಳೆಯುತ್ತಿದ್ದ ಗಿಡದ ಪಾಲನ್ನು ಕಳೆಯುತ್ತಾರೆ. ನಿಮ್ಮ ದನಗಳನ್ನು ಬೇರೆ ಕಡೆಗೆ ಅಟ್ಟಿ, ಅಲ್ಲಿ ಕಾಡು ಕಡಿಯುವ ಹಾಗಾದರೆ ಅದನ್ನೂ ಕಳೆಯುತ್ತಾರೆ. ಬೆಂಕಿ, ಬಿರುಗಾಳಿಗೆ ಮರ ಹೋದರೆ ಇರಲಿ ಅಂತ ಒಂದು ಪಾಲು ಬಫರ್ ಖಾತೆಗೆ ಹೋಗುತ್ತದೆ. ಇನ್ನೊಂದು ಮಾನದಂಡವಾದ ಗೋಲ್ಡ್ ಸ್ಟ್ಯಾಂಡರ್ಡ್‌ನಲ್ಲಿ ಅದು ಶೇ 20. ವೆರಾದಲ್ಲಿ ಅಪಾಯ ಎಷ್ಟಿದೆ ಅನ್ನುವುದರ ಮೇಲೆ ನಿಗದಿ ಆಗುತ್ತದೆ. ಬಫರ್ ಒಂದನ್ನೇ ಕಳೆದರೂ 15 ಇದ್ದದ್ದು 12ಕ್ಕೆ ಬಂತು.

ಈಗ ಬಹಳ ಜನ ಎಡವುವ ಜಾಗ. ಚೌಬೀನೆಗೆ ಅಂತ ಬೆಳೆಸಿದ ಮರವನ್ನು ಒಂದು ದಿನ ಕಡಿಯುತ್ತೀರಿ, ಅಲ್ವಾ? ಕಡಿಯುವ ಯೋಜನೆಗೆ ಎಲ್ಲ ಇಂಗಾಲಕ್ಕೂ ಕ್ರೆಡಿಟ್ ಸಿಗುವುದಿಲ್ಲ, ದೀರ್ಘಾವಧಿ ಸರಾಸರಿಗೆ ಮಾತ್ರ ಸಿಗುತ್ತದೆ. ವರ್ಷಕ್ಕೆ 15 ಟನ್‌ನಂತೆ 20 ವರ್ಷ ಬೆಳೆಸಿ, ಒಟ್ಟು 300 ಟನ್ ಆದಾಗ ಎಲ್ಲವನ್ನೂ ಒಂದೇ ಸಲ ಕಡಿದು ಮತ್ತೆ ನೆಡುತ್ತೀರಿ ಅಂದುಕೊಳ್ಳಿ. ಜಮೀನಿನ ಮೇಲೆ ನಿಂತಿರುವ ಸರಾಸರಿ ಸುಮಾರು 150 ಟನ್. ಅಂದರೆ ಹತ್ತನೇ ವರ್ಷದ ಹೊತ್ತಿಗೆ ನಿಮ್ಮ ಕ್ರೆಡಿಟ್ ಮುಗಿಯಿತು. ಮರ ಬೆಳೆಯುತ್ತಲೇ ಇರುತ್ತದೆ, ಕ್ರೆಡಿಟ್ ಬರುವುದಿಲ್ಲ. ಬದಲಿಗೆ, ಬಲಿತ ಮರವನ್ನು ಮಾತ್ರ ಆರಿಸಿ ಕಡಿದು ಮೇಲಿನ ಹಸಿರು ಹೊದಿಕೆಯನ್ನು ಹಾಗೇ ಉಳಿಸಿಕೊಂಡರೆ ಸರಾಸರಿ ಏರುತ್ತದೆ, ಕ್ರೆಡಿಟ್ ಕೂಡ ಜಾಸ್ತಿ, ಮಣ್ಣೂ ಬಿಸಿಲಿಗೆ ಬೀಳುವುದಿಲ್ಲ. ನನ್ನ ಆಯ್ಕೆ ಕೇಳಿದರೆ ಇದೇ. ಒಂದೇ ಸಲ ಬೋಳು ಮಾಡುವ ಯೋಚನೆ ಇದ್ದವರು ಕ್ರೆಡಿಟ್ ಸಹವಾಸ ಬಿಟ್ಟು ಬರೀ ಚೌಬೀನೆ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಮಣ್ಣಿನ ಇಂಗಾಲದ ಮೇಲೆ ಜಾಸ್ತಿ ಭರವಸೆ ಇಡಬೇಡಿ. ಹುಲ್ಲುಗಾವಲಿನ ಮಣ್ಣಿನಲ್ಲಿ ಆಗಲೇ ಸಾಕಷ್ಟು ಇಂಗಾಲ ಇರುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಬಂದ ಒಂದು ವಿಶ್ಲೇಷಣೆಯಲ್ಲಿ, ಹುಲ್ಲುಗಾವಲು ನೆಡುತೋಪಾದಾಗ ಮಣ್ಣಿನ ಇಂಗಾಲ ಸರಾಸರಿ ಶೇ 10ರಷ್ಟು ಇಳಿದದ್ದು ಕಂಡಿತು. ತೀರಾ ಸವೆದ ಜಾಗದಲ್ಲಿ ಏರಬಹುದು, ಆದರೆ ಬಜೆಟ್ಟಿನಲ್ಲಿ ಅದನ್ನು ಸೊನ್ನೆ ಅಂತ ಬರೆದುಕೊಳ್ಳಿ.

ಯಾವ ಮರ?

ಕ್ಯಾಟಲಾಗಿನಲ್ಲಿ ದುಬಾರಿ ಮರ ನೋಡಿ ಆರಿಸಬೇಡಿ. ತೇಗ ಆಳವಾದ, ನೀರು ಬಸಿಯುವ, ಹುಳಿ ಇಲ್ಲದ ಮಣ್ಣು ಕೇಳುತ್ತದೆ. ಅದನ್ನು ಒತ್ತಿಹೋದ ಹುಳಿ ಮಣ್ಣಿಗೆ ಹಾಕಿದರೆ ಹತ್ತು ವರ್ಷವಾದರೂ ತೋಳಿನ ದಪ್ಪ ಆಗುವುದಿಲ್ಲ. ಪನಾಮಾ ಕಾಲುವೆಯ ಜಲಾನಯನದಲ್ಲಿ ಸ್ಮಿತ್ಸೋನಿಯನ್ ಸಂಸ್ಥೆ ನಡೆಸುತ್ತಿರುವ ಅಗುವಾ ಸಲೂದ್ ಪ್ರಯೋಗದಲ್ಲಿ ಇದನ್ನೇ ಕಂಡರು. ಸಾರ ಇಲ್ಲದ ಹುಳಿ ಮಣ್ಣಿನಲ್ಲಿ ತೇಗ ಸೊರಗಿತು, ಅಲ್ಲಿಯದೇ ಕೆಲವು ಚೌಬೀನೆ ಮರಗಳು ಚೆನ್ನಾಗಿ ಬಂದವು. ಮಹಾಗನಿಯ ತೊಂದರೆ ಬೇರೆ. ಬಯಲಿನಲ್ಲಿ ಒಂದೇ ಜಾತಿಯಾಗಿ ನೆಟ್ಟರೆ ಹಿಪ್ಸಿಪೈಲಾ ಅನ್ನುವ ಪತಂಗದ ಹುಳ ತುದಿ ಚಿಗುರನ್ನೇ ಕೊರೆಯುತ್ತದೆ. ಮರ ಸಾಯುವುದಿಲ್ಲ, ಆದರೆ ಕವಲೊಡೆದು ಪೊದೆಯಾಗುತ್ತದೆ. ದಿಮ್ಮಿ ಸಿಗುವುದಿಲ್ಲ. ಬೇರೆ ಜಾತಿಗಳ ನಡುವೆ, ಅರೆನೆರಳಿನಲ್ಲಿ ಬೆಳೆಸಿದರೆ ಈ ಕಾಟ ಕಡಿಮೆ.

ಹತ್ತಿರದ ಉಳಿದ ಕಾಡಿಗೆ ಹೋಗಿ, ನಿಮ್ಮದೇ ಥರದ ಮಣ್ಣು, ಇಳಿಜಾರಿನಲ್ಲಿ ಯಾವ ಮರ ನೆಟ್ಟಗೆ ನಿಂತಿದೆ ಅಂತ ನೋಡಿ. ಅದೇ ನಿಮ್ಮ ಮೊದಲ ಪಟ್ಟಿ. ಬೇಗ ಬೆಳೆದು ನೆಲಕ್ಕೆ ನೆರಳು ಕೊಡುವವು, ನಿಧಾನಕ್ಕೆ ಬೆಳೆದು ಕೆಚ್ಚು ಕಟ್ಟುವವು, ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಕೊಡುವವು, ಈ ಮೂರು ಬಗೆ ಬೆರೆತಿರಲಿ. ಬೇಗ ಬೆಳೆಯುವ ಮರ ಹುಲ್ಲನ್ನು ನೆರಳಿನಿಂದ ಸಾಯಿಸುತ್ತದೆ, ಅದೇ ಅದರ ದೊಡ್ಡ ಕೆಲಸ. ಎಂಟು ಹತ್ತು ವರ್ಷಕ್ಕೆ ಅದನ್ನು ಕಡಿದು ಕಂಬಕ್ಕೆ ಮಾರಬಹುದು. ಆ ಹೊತ್ತಿಗೆ ನಿಧಾನದ ಮರಗಳು ಮೇಲೆದ್ದಿರುತ್ತವೆ. ಹೊರಗಿನಿಂದ ತಂದ ಜಾತಿ ತಾನಾಗಿ ಬೀಜ ಬಿದ್ದು ಹಬ್ಬುವಂಥದ್ದಾಗಿದ್ದರೆ ಮುಟ್ಟಲೇಬೇಡಿ. ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್ ಎರಡೂ ಕಡೆ ತೋಪಿನಿಂದ ತಪ್ಪಿಸಿಕೊಂಡ ಪೈನ್ ಮರಗಳನ್ನು ಕಿತ್ತು ತೆಗೆಯಲು ಈಗಲೂ ಹಣ ಸುರಿಯುತ್ತಿದ್ದಾರೆ.

ನೀರಿನ ವಿಷಯ ಮರೆಯಬೇಡಿ. ಮರ ಹುಲ್ಲಿಗಿಂತ ಜಾಸ್ತಿ ನೀರು ಕುಡಿಯುತ್ತದೆ. 2005ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ನೆಡುತೋಪು ಬೆಳೆದ ಕಡೆ ಶೇ 13ರಷ್ಟು ತೊರೆಗಳು ಕನಿಷ್ಠ ಒಂದು ವರ್ಷ ಪೂರ್ತಿ ಒಣಗಿದ್ದವು. ಮಳೆ ಕಡಿಮೆ ಇರುವ ಕಡೆ, ಕೆಳಗಿನವರು ಅದೇ ತೊರೆಯನ್ನು ನಂಬಿದ್ದರೆ, ಅಂತರ ಜಾಸ್ತಿ ಇಡಿ, ತೊರೆಯ ಅಂಚಿನಲ್ಲಿ ಚೌಬೀನೆ ತೋಪು ಬೇಡ, ಅಲ್ಲಿಯ ಸಹಜ ಗಿಡಗಳಿಗೆ ಬಿಡಿ.

ನೆಡುವುದು

ಬೀಜವನ್ನು ಒಂದೇ ಚೆಂದದ ಮರದಿಂದ ಆರಿಸಬೇಡಿ. ದೂರ ದೂರ ಇರುವ ಕನಿಷ್ಠ 20–30 ತಾಯಿಮರಗಳಿಂದ ಬೆರೆಸಿ. ಸಸಿಯ ಎತ್ತರ ನೋಡಿ ಮರುಳಾಗಬೇಡಿ, ಬುಡದ ದಪ್ಪ ನೋಡಿ. 30 ಸೆಂಟಿಮೀಟರ್ ಎತ್ತರ, ಪೆನ್ಸಿಲ್ಲಿಗೆ ಹತ್ತಿರದ ಬುಡ ಇದ್ದರೆ ಒಳ್ಳೆಯ ಸಸಿ. ಚೀಲ ಬಿಚ್ಚಿದಾಗ ಬೇರು ತಳದಲ್ಲಿ ಸುರುಳಿ ಸುತ್ತಿದ್ದರೆ ಆ ಸಸಿಯನ್ನು ಬಿಸಾಡಿ. ಇವತ್ತು ಬದುಕಿದರೂ ಐದನೇ ವರ್ಷ ಗಾಳಿಗೆ ಮಗುಚುತ್ತದೆ. ನೆಡುವ ಮೂರು ನಾಲ್ಕು ವಾರ ಮೊದಲೇ ನರ್ಸರಿಯಲ್ಲಿ ನೆರಳು ತೆಗೆದು, ನೀರು ಕಡಿಮೆ ಮಾಡಿ ಸಸಿಯನ್ನು ಗಟ್ಟಿ ಮಾಡಬೇಕು.

ಗಟ್ಟಿ ಪದರ ಇದ್ದರೆ ಒಣಗಾಲದಲ್ಲಿ ಇಳಿಜಾರಿಗೆ ಅಡ್ಡವಾಗಿ 40–60 ಸೆಂಟಿಮೀಟರ್ ಆಳಕ್ಕೆ ರಿಪ್ಪರ್, ಅಂದರೆ ಗಟ್ಟಿ ಮಣ್ಣು ಸೀಳುವ ಉದ್ದ ಹಲ್ಲಿನ ನೇಗಿಲು, ಎಳೆಸಿ. ಒಣ ಮಣ್ಣು ಒಡೆದು ಬಿರುಕು ಬಿಡುತ್ತದೆ. ಒದ್ದೆ ಮಣ್ಣಿನಲ್ಲಿ ಎಳೆದರೆ ಬರೀ ಮೆತ್ತಿಕೊಳ್ಳುತ್ತದೆ, ಹಣ ದಂಡ. ಇಡೀ ಹೊಲವನ್ನು ಉಳಬೇಡಿ. ಇದ್ದ ಇಂಗಾಲವೂ ಹೋಗುತ್ತದೆ, ಕೆಲವು ಕಾರ್ಬನ್ ವಿಧಾನಗಳಲ್ಲಿ ಮಣ್ಣು ಕೆದಕುವುದಕ್ಕೆ ಮಿತಿಯೂ ಇದೆ. 3×3 ಮೀಟರ್ ಅಂತರ ಇಟ್ಟರೆ ಹೆಕ್ಟೇರಿಗೆ 1,111 ಸಸಿ, 4×4 ಆದರೆ 625. ಹತ್ತಿರ ನೆಟ್ಟರೆ ನೆರಳು ಬೇಗ ಕೂಡುತ್ತದೆ, ಹುಲ್ಲಿನ ಕಾಟ ಬೇಗ ಮುಗಿಯುತ್ತದೆ, ಮರ ನೆಟ್ಟಗೆ ಹೋಗುತ್ತದೆ. ಖರ್ಚು ಮಾತ್ರ ಮೊದಲೇ ಬರುತ್ತದೆ. ನೆಲ ಒಂದಡಿ ಆಳದವರೆಗೆ ನೆನೆದ ಮೇಲೆ ನೆಡಿ. ಮೊದಲ ಮಳೆ ಬಿತ್ತು ಅಂತ ಓಡಬೇಡಿ.

ಹುಲ್ಲು, ದನ, ಬೆಂಕಿ

ಸಸಿಯ ಸುತ್ತ ಒಂದು ಮೀಟರ್ ಅಗಲದ ವೃತ್ತ ಬೋಳಾಗಿರಬೇಕು. ಹೆಚ್ಚಿನವರು ಕುಡುಗೋಲಿನಿಂದ ಹುಲ್ಲು ಕೊಯ್ದು ಕಳೆ ತೆಗೆದೆವು ಅನ್ನುತ್ತಾರೆ. ಕೊಯ್ದರೆ ಬೇರು ಹಾಗೇ ಇರುತ್ತದೆ, ಹುಲ್ಲು ಇನ್ನೂ ಹುರುಪಿನಿಂದ ಚಿಗುರಿ ಇನ್ನೂ ನೀರು ಕುಡಿಯುತ್ತದೆ. ಬ್ರಾಕಿಯೇರಿಯಾದಂಥ ಮೇವಿನ ಹುಲ್ಲಿರುವ ಕಡೆ ಇದು ಇನ್ನೂ ಕಷ್ಟ, ಕೊಯ್ದಷ್ಟೂ ದಟ್ಟವಾಗುವ ಜಾತಿ ಅದು. ಬೇರು ಸಮೇತ ಹೋಗಬೇಕು. ಗುದ್ದಲಿಯಿಂದ ಕೆತ್ತಿ, ಅಥವಾ ನೆಡುವ ಮೊದಲೇ ದಪ್ಪ ರಟ್ಟು ಹಾಸಿ ಅದರ ಮೇಲೆ ಒಣ ಹುಲ್ಲು ಹೇರಿ ಉಸಿರು ಕಟ್ಟಿಸಿ. ಹೊದಿಕೆ ಸಸಿಯ ಕಾಂಡಕ್ಕೆ ತಾಗದಿರಲಿ, ತೊಗಟೆ ಕೊಳೆಯುತ್ತದೆ. ಕಳೆನಾಶಕ ಬಳಸುವವರು ನೆಡುವ ಮೊದಲು, ಸಾಲಿಗೆ ಮಾತ್ರ ಬಳಸಿ. ಸಸಿಯ ಎಲೆಗೆ ಒಂದು ಹನಿ ಹಾರಿದರೂ ನಷ್ಟ.

ಎಷ್ಟು ಸಲ? ಮೊದಲ ವರ್ಷ ಮೂರು ನಾಲ್ಕು ಸಲ, ಎರಡನೇ ವರ್ಷ ಎರಡು ಮೂರು, ಮೂರನೇ ವರ್ಷ ಒಂದೆರಡು. ಮರದ ತಲೆಗಳು ಒಂದಕ್ಕೊಂದು ತಾಗಿ ನೆರಳು ಕೂಡುವವರೆಗೆ ಬಿಡಬಾರದು. ಎರಡನೇ ವರ್ಷ ಸಸಿ ಹಸಿರಾಗಿ ಕಾಣುತ್ತದೆ, ಇನ್ನೇನು ಗೆದ್ದೆವು ಅನ್ನಿಸುತ್ತದೆ, ಆಳುಗಳನ್ನು ಬಿಡಿಸುತ್ತಾರೆ. ಕೈಯಾರೆ ಬೆಳೆಸಿದ್ದು ಹಾಳಾಗುವುದು ಸಾಮಾನ್ಯವಾಗಿ ಆ ವರ್ಷವೇ. ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಸಾಲದು. ನೆಡುವ ದಿನವೇ ಮೂರನೇ ವರ್ಷದ ಕಳೆ ತೆಗೆಯುವ ಹಣವನ್ನು ಬೇರೆ ಖಾತೆಗೆ ಹಾಕಿಬಿಡಿ. ಅಷ್ಟು ಹಣ ಇಲ್ಲವಾ? ಅರ್ಧ ಜಾಗಕ್ಕೆ ನೆಡಿ. ಉಳಿದದ್ದು ಮುಂದಿನ ವರ್ಷ.

ನೆಟ್ಟು ಒಂದೂವರೆ ತಿಂಗಳಿಗೆ ಎಣಿಕೆ ಮಾಡಿ, ಸತ್ತ ಕಡೆ ಅದೇ ಮಳೆಗಾಲದಲ್ಲಿ ಇನ್ನೊಂದು ಇಡಿ. ಎರಡು ವರ್ಷ ಬಿಟ್ಟು ಇಟ್ಟ ಸಸಿ ಪಕ್ಕದ ಮರಗಳ ನೆರಳಿನಲ್ಲಿ ಮೇಲೇಳುವುದಿಲ್ಲ.

ಬೇಲಿ ಇಲ್ಲದೆ ನೆಡಬೇಡಿ. ಮರದ ತಲೆ ದನದ ಬಾಯಿಗೆ ಸಿಗದಷ್ಟು ಮೇಲೆ ಹೋಗಿ, ಕಾಂಡ ಉಜ್ಜಿದರೂ ಬಾಗದಷ್ಟು ದಪ್ಪ ಆಗಬೇಕು. ಆಮೇಲೆ ದನ ಬಿಟ್ಟರೆ ಒಳ್ಳೆಯದೇ, ಒಣ ಹುಲ್ಲು ತಿಂದು ಬೆಂಕಿಯ ಭಯ ಕಡಿಮೆ ಮಾಡುತ್ತವೆ. ಆದರೆ ಆ ಜಾಗದಲ್ಲಿ ಇಷ್ಟು ದಿನ ಬೇರೆಯವರ ದನವೂ ಮೇಯುತ್ತಿದ್ದರೆ, ಬೇಲಿ ಹಾಕುವ ಮೊದಲು ಅವರ ಜೊತೆ ಕೂತು ಮಾತಾಡಿ. ಅವರಿಗೆ ದಾರಿ, ಮೇವು ಏನು ಅಂತ ತೀರ್ಮಾನ ಆಗದೆ ಹಾಕಿದ ಬೇಲಿ ಉಳಿಯುವುದಿಲ್ಲ, ಉಳಿಯಬೇಕಾದ್ದೂ ಅಲ್ಲ. ದನ ಮೇಯಿಸಲು ಬಿಡದ ಜಾಗದಲ್ಲಿ ಹುಲ್ಲು ಆಳೆತ್ತರ ಬೆಳೆದು ಒಣಗುತ್ತದೆ. ಬೇಸಿಗೆಗೆ ಮೊದಲು ಸುತ್ತಲೂ, ನಡುವೆಯೂ 5–10 ಮೀಟರ್ ಅಗಲದ ಬೆಂಕಿ ರೇಖೆ ಕೆತ್ತಿ.

ಕೊಂಬೆ ಸವರುವುದು, ತೆಳುವು ಮಾಡುವುದು ಚೌಬೀನೆಗೆ ಜೀವಾಳ. ಜೋಡಿ ತುದಿ ಕಂಡರೆ ಮೊದಲ ಎರಡು ವರ್ಷದಲ್ಲೇ ಒಂದನ್ನು ತೆಗೆಯಿರಿ. ಒಂದೇ ಸಲಕ್ಕೆ ಹಸಿರು ತಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸವರಬೇಡಿ. ತಲೆಗಳು ಒತ್ತಿಕೊಂಡಾಗ ಸೊಟ್ಟದ್ದು, ಸೊರಗಿದ್ದು ಕಡಿಯಿರಿ. ನೆಟ್ಟ ಮರ ಕಡಿಯಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಬಿಟ್ಟರೆ ಎಲ್ಲವೂ ಕಡ್ಡಿಯಾಗಿಯೇ ಉಳಿಯುತ್ತವೆ.

ಕಾಗದ ಮತ್ತು ಅಳತೆ

ಕ್ರೆಡಿಟ್ ಬೇಕೆಂದರೆ ಯಾವ ಮಾನದಂಡ, ಯಾವ ವಿಧಾನ ಅನ್ನುವುದು ನೆಡುವ ಮೊದಲೇ ನಿರ್ಧಾರ ಆಗಬೇಕು. ವೆರಾದಲ್ಲಿ 2023ರಲ್ಲಿ ಬಂದ ವಿಎಂ0047 ಅನ್ನುವುದು ಕಾಡು ಬೆಳೆಸುವ ಯೋಜನೆಗಳ ವಿಧಾನ. ಇದರಲ್ಲಿ ದೊಡ್ಡ ಪ್ರದೇಶವನ್ನು ಹೊರಗಿನ ಅಂಥದೇ ಜಮೀನುಗಳ ಜೊತೆ ಹೋಲಿಸುತ್ತಾ ಹೋಗುತ್ತಾರೆ. ಯೋಜನೆ ಇಲ್ಲದ ಪಕ್ಕದ ಜಾಗದಲ್ಲೂ ಮರ ತಾನಾಗಿ ಏರುತ್ತಿದ್ದರೆ ನಿಮ್ಮ ಕ್ರೆಡಿಟ್ ಇಳಿಯುತ್ತದೆ. ಚದುರಿದ ಮರಗಳಿಗೆ ಒಂದೊಂದನ್ನೇ ಎಣಿಸುವ ಇನ್ನೊಂದು ದಾರಿಯೂ ಅದರಲ್ಲಿದೆ. ಕ್ರೆಡಿಟ್ ಹಣ ಇಲ್ಲದಿದ್ದರೆ ಈ ಕೆಲಸ ಆಗುತ್ತಿರಲಿಲ್ಲ ಅಂತ ತೋರಿಸಬೇಕು. ಮೊದಲೇ ನೆಟ್ಟು ಬೆಳೆಸಿದ ತೋಪಿಗೆ ಆಮೇಲೆ ಕ್ರೆಡಿಟ್ ಕೇಳಿದರೆ ಸಿಗುವುದು ಬಹಳ ಕಷ್ಟ.

ಇಂಗಾಲದ ಲೆಕ್ಕ ಸರಿಯಿದೆಯಾ ಅಂತ ನೋಡುವ ಪರಿಶೋಧಕರ ಖರ್ಚು 20 ಹೆಕ್ಟೇರಿಗೂ 2,000 ಹೆಕ್ಟೇರಿಗೂ ಹೆಚ್ಚುಕಡಿಮೆ ಒಂದೇ ಥರ. ಸಣ್ಣ ಜಮೀನಿನವರು ಒಬ್ಬೊಬ್ಬರೇ ಹೋದರೆ ಬಂದ ಕ್ರೆಡಿಟ್ ಎಲ್ಲ ಅದಕ್ಕೇ ಸರಿಹೋಗುತ್ತದೆ. ಗುಂಪು ಕಟ್ಟಿ.

ಅಳತೆಗೆ ಜಮೀನಿನಲ್ಲಿ ಕೆಲವು ಕಾಯಂ ತುಂಡುಗಳನ್ನು ಗುರುತಿಸಬೇಕು. 11.28 ಮೀಟರ್ ತ್ರಿಜ್ಯದ ವೃತ್ತ ಹಾಕಿದರೆ ಹೆಚ್ಚುಕಡಿಮೆ 400 ಚದರ ಮೀಟರ್. ವೃತ್ತ ಎಲ್ಲಿ ಬೀಳಬೇಕು ಅಂತ ನಕ್ಷೆಯ ಮೇಲೆ ಚೀಟಿ ಎತ್ತಿದ ಹಾಗೆ ಆರಿಸಿ. ಮರ ಚೆನ್ನಾಗಿರುವ ಕಡೆ ಹಾಕುವ ಆಸೆ ಎಲ್ಲರಿಗೂ ಬರುತ್ತದೆ, ಪರಿಶೋಧಕರು ಅದನ್ನು ಮೊದಲು ಹಿಡಿಯುತ್ತಾರೆ. ಒಳಗಿನ ಪ್ರತಿ ಮರದ ಸುತ್ತಳತೆಯನ್ನೂ ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆಯಬೇಕು. ಟೇಪು ಹಿಡಿದ ಜಾಗಕ್ಕೆ ಬಣ್ಣದ ಪಟ್ಟಿ ಬಳಿಯಿರಿ. ಐದು ವರ್ಷ ಬಿಟ್ಟು ಬೇರೆ ಆಳು ಬಂದು ಒಂದು ಗೇಣು ಮೇಲೆ ಕೆಳಗೆ ಅಳೆದರೆ ಮರ ಕುಗ್ಗಿದ ಹಾಗೆ ಕಾಣುತ್ತದೆ.

ಕ್ರೆಡಿಟ್ ಯೋಜನೆ ನಡೆಸುವ ಕಂಪನಿಯವರು ತರುವ ಕರಾರನ್ನು ನಿಮ್ಮ ಪರವಾದ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ನಿಮ್ಮ ಪಾಲು ಒಟ್ಟು ಹಣದ್ದಾ, ಖರ್ಚು ಕಳೆದ ಮೇಲಿನದ್ದಾ? ಆ ಖರ್ಚಿಗೆ ಮಿತಿ ಇದೆಯಾ? ದರ ಇವತ್ತೇ 40 ವರ್ಷಕ್ಕೂ ಕಟ್ಟಿಹಾಕಿದ್ದಾರಾ? ಮರ ಯಾರದು, ಚೌಬೀನೆ ಮಾರುವ ಹಕ್ಕು ಯಾರದು, ಇಂಗಾಲದ ಹಕ್ಕು ಯಾರದು, ಮೂರನ್ನೂ ಬೇರೆ ಬೇರೆ ಬರೆಸಿ. ಬೆಂಕಿಗೆ ಹೋದರೆ ಬಫರ್ ಖಾತೆ ನೋಡಿಕೊಳ್ಳುತ್ತದೆ. ನೀವೇ ಯೋಜನೆ ಮೀರಿ ಕಡಿದರೆ ಅದು ಬೇರೆ ಮಾತು, ಆ ಹೊಣೆ ಯಾರ ಮೇಲೆ ಬೀಳುತ್ತದೆ ಅಂತ ಓದಿ. ಜಮೀನು ಮಾರಿದರೆ, ಮಕ್ಕಳಿಗೆ ಪಾಲಾದರೆ ಕರಾರು ಹೇಗೆ ಮುಂದುವರಿಯುತ್ತದೆ ಅನ್ನುವುದೂ ಅದರಲ್ಲಿ ಇರಬೇಕು. ಸಹಿ ಹಾಕುವ ದಿನ ಆ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಕೊನೆಯ ಅಳತೆಗೆ ಟೇಪು ಹಿಡಿಯುವವರು ಬಹುಶಃ ಅವರೇ.